ಮೊದಲು ಒಂದು ಬೆಳೆ ಕಸ, ಆಮೇಲೆ ಕೊತ್ತಂಬರಿ

ಹಿತ್ತಲಲ್ಲಿ ಕೊತ್ತಂಬರಿ ಹಾಕಿದವರ ದೂರು ಹೆಚ್ಚಾಗಿ ಒಂದೇ: ಬೀಜ ಹುಟ್ಟಲಿಲ್ಲ, ಬರೀ ಕಸ ಹುಟ್ಟಿತು. ಬಹಳ ಸಲ ಬೀಜವೂ ಹುಟ್ಟಿರುತ್ತದೆ, ತಡವಾಗಿ ಅಷ್ಟೆ. ಕೊತ್ತಂಬರಿ ಮಣ್ಣಿನಿಂದ ತಲೆ ಎತ್ತಲು 8ರಿಂದ 12 ದಿನ ಬೇಕು. ಅದೇ ಪಾತಿಯಲ್ಲಿ ಗೋಣಿ ಸೊಪ್ಪು, ರಾಜಗಿರಿ 4-5ನೇ ದಿನಕ್ಕೆ ಹಸಿರಾಗಿರುತ್ತವೆ. ಜೇಕಂತೂ ಗಡ್ಡೆಯಿಂದ ಬರುವುದು, ಅದಕ್ಕೆ ಬೀಜದ ಹಂಗೇ ಇಲ್ಲ, ನೀರು ಬಿದ್ದ ಮೂರನೇ ದಿನಕ್ಕೆ ಸೂಜಿಯಂತೆ ಎದ್ದು ನಿಂತಿರುತ್ತದೆ. ಒಂದು ವಾರ ಮುಂದೆ ಓಡಿದವರನ್ನು ಕೊತ್ತಂಬರಿ ಯಾವ ಕಾಲಕ್ಕೂ ಹಿಡಿಯುವುದಿಲ್ಲ. ಎರಡೆಲೆ ಸಸಿ ನಡುವೆ ಕೂತು ಕಸ ಕೀಳುವಾಗ ಕಸದ ಬೇರಿನ ಜೊತೆ ಅರ್ಧ ಕೊತ್ತಂಬರಿಯೂ ಕಿತ್ತು ಬರುತ್ತದೆ. ಆದ್ದರಿಂದ ಅಡುಗೆ ಸೊಪ್ಪಿನ ಪಾತಿಯಲ್ಲಿ ಕಸದ ಕೆಲಸ ಬಿತ್ತನೆಗೆ ಮುಂಚೆಯೇ ಮುಗಿಯಬೇಕು.

ಮಾಡುವುದು ಹೀಗೆ. 3 ಅಡಿ ಅಗಲ, 6 ಅಡಿ ಉದ್ದದ ಪಾತಿ ಸಾಕು. ಅಗಲ ಮೂರಡಿಗಿಂತ ಹೆಚ್ಚು ಬೇಡ, ಎರಡೂ ಕಡೆಯಿಂದ ಕೈ ನಡುವಿಗೆ ಎಟುಕಬೇಕು, ಪಾತಿಯೊಳಗೆ ಕಾಲಿಡುವ ಹಾಗಾಗಬಾರದು. ಮಣ್ಣು ಅಗೆದು, ಹೆಂಟೆ ಒಡೆದು, ಎರಡು ಬುಟ್ಟಿ ಚೆನ್ನಾಗಿ ಕಳಿತ ಗೊಬ್ಬರ, 300 ಗ್ರಾಂ ಬೇವಿನ ಹಿಂಡಿ ಬೆರೆಸಿ, ಹಲಗೆಯಲ್ಲಿ ಎಳೆದು ಮಟ್ಟ ಮಾಡಿ. ಬೀಜ ಹಾಕಬೇಡಿ. ಬಿತ್ತಿದ ಪಾತಿಗೆ ಕೊಡುವಂತೆಯೇ ದಿನಾ ನೀರು ಚಿಮುಕಿಸುತ್ತ 10-12 ದಿನ ಕಾಯಿರಿ. ಮೇಲಿನ ಎರಡು ಇಂಚಿನಲ್ಲಿ ಕೂತಿದ್ದ ಕಸದ ಬೀಜದಲ್ಲಿ ಹೆಚ್ಚಿನ ಪಾಲು ಹಸಿರು ಚಾಪೆಯಂತೆ ಎದ್ದು ಬರುತ್ತದೆ. ಒಂದು ದಿನ ನೀರು ನಿಲ್ಲಿಸಿ, ಮರುದಿನ ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಹರಿತವಾದ ಕುರ್ಪಿಯನ್ನು ಮಣ್ಣಿಗೆ ಮಲಗಿಸಿ ಹಿಡಿದು ಅರ್ಧ ಇಂಚು ಆಳದಲ್ಲಿ ಹೆರೆಯುತ್ತ ಹೋಗಿ. ಕತ್ತರಿಸಿದ ಮೊಳಕೆ ಮಧ್ಯಾಹ್ನದೊಳಗೆ ಒಣಗುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಕಸ ಹೆರೆದ ಮೇಲೆ ಮಣ್ಣು ಗಟ್ಟಿಯಾಗಿದೆಯೆಂದು ಮತ್ತೊಮ್ಮೆ ಅಗೆಯುತ್ತಾರೆ. ಅಗೆದರೆ ಕೆಳಗಿದ್ದ ಹೊಸ ಬೀಜ ಬೆಳಕಿಗೆ ಬಂದು ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಬಿತ್ತುವ ಸಾಲಿನಲ್ಲಿ ಮಾತ್ರ ಕಡ್ಡಿಯಿಂದ ಗೆರೆ ಎಳೆಯಿರಿ, ಉಳಿದ ಮಣ್ಣು ಮುಟ್ಟಬೇಡಿ. ಕಸ ಭಾರೀ ಇದ್ದ ಜಾಗವಾದರೆ ನೀರು ಹಾಕಿ ಹೆರೆಯುವುದನ್ನು ಎರಡು ಸಲ ಮಾಡಿ. ಮೂರು ವಾರ ಹೋಗುತ್ತದೆ, ಹೋಗಲಿ.

ಕಾಲದ ವಿಚಾರ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಕೊತ್ತಂಬರಿ, ಸಬ್ಬಸಿಗೆ, ಮೆಂತೆ ಮೂರಕ್ಕೂ ಹಸ್ತಿ ಮಳೆ ಹಿಂದೆ ಸರಿದ ಮೇಲೆ ಒಳ್ಳೆಯ ದಿನಗಳು, ಅಂದರೆ ಅಕ್ಟೋಬರ್ ನಡುವಿನಿಂದ ಫೆಬ್ರವರಿ ತನಕ. ಸೆಪ್ಟೆಂಬರ್ ಕೊನೆಯಲ್ಲಿ ಪಾತಿ ಸಿದ್ಧ ಮಾಡಿ ಬಿಟ್ಟರೆ ಉತ್ತರಿ-ಹಸ್ತಿ ಮಳೆಯೇ ಪುಕ್ಕಟೆ ಕಸ ಬೆಳೆಸಿಕೊಡುತ್ತದೆ. ಚಿತ್ತಿ ಮಳೆ ಹೊತ್ತಿಗೆ ಹೆರೆದು ಬಿತ್ತಬಹುದು.

ಮಣ್ಣಿನ ಮಾತು ಬಿಟ್ಟು ಮುಂದೆ ಹೋಗುವಂತಿಲ್ಲ. ಸಿಂಧನೂರು, ಸಿರುಗುಪ್ಪ, ಮಾನ್ವಿ ಕಡೆಯ ಎರೆ, ಅಂದರೆ ಕಪ್ಪು ಜಿಗುಟು ಮಣ್ಣಿಗೆ ಹದ ಇರುವುದು ಮಳೆಯಾದ ಮೇಲೆ ಎರಡು-ಮೂರು ದಿನ ಮಾತ್ರ. ಅದಕ್ಕೆ ಮುಂಚೆ ಕುರ್ಪಿ ಹಾಕಿದರೆ ಮುದ್ದೆ, ಆಮೇಲೆ ಹಾಕಿದರೆ ಕಲ್ಲು. ಒಂದು ಹಿಡಿ ಮಣ್ಣು ಹಿಸುಕಿ ಉಂಡೆ ಮಾಡಿ ಸೊಂಟದೆತ್ತರದಿಂದ ಬಿಡಿ. ಬಿದ್ದು ಪುಡಿಯಾದರೆ ಹದ, ಚಪ್ಪಟೆಯಾದರೆ ಇನ್ನೊಂದು ದಿನ ಕಾಯಬೇಕು. ಎರೆಗೆ ನಾಲ್ಕು ಬುಟ್ಟಿ ಮರಳು ಬೆರೆಸಿದರೆ ಸಡಿಲಾಗುತ್ತದೆ ಅನ್ನುವುದು ಸುಳ್ಳು ನಂಬಿಕೆ. ಸ್ವಲ್ಪ ಮರಳು, ಬಹಳ ಜಿಗುಟು ಮಣ್ಣು ಸೇರಿದರೆ ಒಣಗಿದ ಮೇಲೆ ಇಟ್ಟಿಗೆ. ಪಾತಿಯನ್ನು ನೆಲದಿಂದ 8-10 ಇಂಚು ಎತ್ತರಿಸಿ ಗೊಬ್ಬರ ಹೆಚ್ಚು ಮಾಡುವುದೇ ದಾರಿ. ಮಸಾರಿ, ಅಂದರೆ ಕೆಂಪು ಮಣ್ಣಿನವರಿಗೆ ಈ ಕಷ್ಟವಿಲ್ಲ, ಅವರ ಕಷ್ಟ ನೀರು ನಿಲ್ಲದಿರುವುದು. ಮಾಳಿಗೆ ಮೇಲೆ ಕುಂಡದಲ್ಲಿ ಬೆಳೆಸುವವರು ಎರಡು ಪಾಲು ಮಸಾರಿ, ಒಂದು ಪಾಲು ಕಳಿತ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಅಥವಾ ಕಪ್ಪಗೆ ಸುಟ್ಟ ಭತ್ತದ ಹೊಟ್ಟು ಬೆರೆಸಿ. ರೈಸ್ ಮಿಲ್ಲಿನ ಬಾಯ್ಲರ್‌ನಿಂದ ಬರುವ ಬಿಳಿ-ಬೂದು ಬಣ್ಣದ ಬೂದಿ ಬೇರೆ, ಕರಿ ಹೊಟ್ಟು ಬೇರೆ. ಬೂದಿ ಕ್ಷಾರ, ನಮ್ಮ ಎರೆ ಮೊದಲೇ ಕ್ಷಾರ. ಪುಕ್ಕಟೆ ಸಿಗುತ್ತದೆಂದು ಸುರಿಯಬೇಡಿ.

ಈಗ ಬಿತ್ತನೆ. ಕೊತ್ತಂಬರಿ ಕಾಳು ಅಂತ ನಾವು ಕರೆಯುವುದು ಎರಡು ಬೀಜ ಸೇರಿದ ಒಂದು ಕಾಯಿ. ಗೋಣಿತಟ್ಟಿನ ಮೇಲೆ ಹರಡಿ ಚಪ್ಪಲಿ ತಳದಿಂದ ಮೆಲ್ಲಗೆ ಉಜ್ಜಿದರೆ ಎರಡು ಹೋಳಾಗುತ್ತದೆ. ಜಜ್ಜಬಾರದು, ನುಚ್ಚಾದರೆ ಮೊಳಕೆಯ ಮೂತಿಯೇ ಮುರಿಯುತ್ತದೆ. ಹೋಳು ಮಾಡಿದ್ದನ್ನು 12 ತಾಸು ನೀರಲ್ಲಿ ನೆನೆಸಿ, ನೀರು ಬಸಿದು, ಬಟ್ಟೆ ಮೇಲೆ ನೆರಳಲ್ಲಿ ಅರ್ಧ ತಾಸು ಆರಿಸಿ. ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಉದುರಬೇಕು. 3x6 ಅಡಿ ಪಾತಿಗೆ 15-20 ಗ್ರಾಂ ಬೀಜ ಸಾಕು. ಕಿರಾಣಿ ಅಂಗಡಿ ಕಾಳೂ ನಡೆಯುತ್ತದೆ, ಹುರಿಯದ, ಹೊಸ ಫಸಲಿನದಾಗಿದ್ದರೆ. 6-8 ಇಂಚಿಗೊಂದರಂತೆ ಗೆರೆ, ಅರ್ಧ ಇಂಚು ಆಳ, ಮೇಲೆ ಪುಡಿ ಗೊಬ್ಬರ.

ಎರಚಬೇಡಿ, ಸಾಲಿನಲ್ಲೇ ಬಿತ್ತಿ. ಹೊಲದವರು ಕೂರಿಗೆ ಹೊಡೆಯುವುದು ಯಾಕೆಂದು ಗೊತ್ತಿರುವ ಊರಿನಲ್ಲೂ ಹಿತ್ತಲಿಗೆ ಬಂದ ಕೂಡಲೇ ಬೀಜ ಎರಚುವುದು ವಿಚಿತ್ರ. ಸಾಲಿನಲ್ಲಿದ್ದರೆ ಸಾಲಿನ ನಡುವೆ ಹುಟ್ಟಿದ್ದೆಲ್ಲ ಕಸ, ಕಣ್ಣು ಮುಚ್ಚಿ ಹೆರೆಯಬಹುದು. ಎರಚಿದ ಪಾತಿಯಲ್ಲಿ ಪ್ರತಿ ಸಸಿಯನ್ನೂ ಬಗ್ಗಿ ನೋಡಿ ನೀನ್ಯಾರು ಅಂತ ಕೇಳಬೇಕು.

ಹಾಗೆ ಕೇಳಿದಾಗ ಬಹಳ ಮೋಸ ಮಾಡುವುದು ಕಾಂಗ್ರೆಸ್ ಗಿಡ. ಪಾರ್ಥೇನಿಯಂನ ಎಳೆ ಎಲೆ ಕೊತ್ತಂಬರಿಯಂತೆಯೇ ಸೀಳು ಸೀಳಾಗಿರುತ್ತದೆ. ಮೊದಲ ಎರಡು ಎಲೆ ನೋಡಿ: ಕೊತ್ತಂಬರಿಯದು ಉದ್ದನೆಯ, ನಯವಾದ ಪಟ್ಟಿ, ತುದಿ ಕಡೆ ಮಾತ್ರ ಸಣ್ಣಗಾಗುತ್ತದೆ. ಕಾಂಗ್ರೆಸ್‌ನದು ಚಿಕ್ಕದು, ಹೆಚ್ಚು ಕಡಿಮೆ ದುಂಡು. ಆಮೇಲಿನ ಎಲೆಗಳಲ್ಲಿ ಕೊತ್ತಂಬರಿ ಹೊಳೆಯುತ್ತದೆ, ಕಾಂಗ್ರೆಸ್ ಎಲೆಗೆ ಬೂದು ಛಾಯೆ, ಬೆರಳಾಡಿಸಿದರೆ ರೋಮ ತಾಗುತ್ತದೆ, ಮತ್ತು ಗಿಡ ನೆಲಕ್ಕೆ ಅಂಟಿ ಚಕ್ರದಂತೆ ಹರಡುತ್ತದೆ. ಅನುಮಾನವಿದ್ದರೆ ಒಂದೆಲೆ ಕೈಗವಸು ಹಾಕಿದ ಬೆರಳಲ್ಲಿ ಹಿಸುಕಿ ಮೂಸಿ, ಕೊತ್ತಂಬರಿಯ ವಾಸನೆ ಎಳೆಯದರಲ್ಲೇ ಇರುತ್ತದೆ. ಕೈಗವಸು ಬೇಕೇ ಬೇಕು. ಈ ಗಿಡ ಮುಟ್ಟಿ ಮುಟ್ಟಿ ಚರ್ಮಕ್ಕೆ ತುರಿಕೆ ಹತ್ತಿದರೆ ಆಮೇಲೆ ಸ್ವಲ್ಪ ತಾಗಿದರೂ ಕೆರಳುತ್ತದೆ. 1955ರ ಹೊತ್ತಿಗೆ ಪುಣೆಯಲ್ಲಿ ಕಣ್ಣಿಗೆ ಬಿದ್ದ ಕಸ ಇದು. ಅದನ್ನು ತಿನ್ನಲೆಂದು ಮೆಕ್ಸಿಕೋದಿಂದ ತಂದ ಪಟ್ಟೆ ಹುಳವನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಕಾಂಗ್ರೆಸ್ ಎಲೆ ಜಾಲರಿಯಾಗಿರುವುದು ಕಂಡರೆ, ಮೇಲೆ ಕಂದು ಗೆರೆಯ ಹುಳ ಕೂತಿದ್ದರೆ, ಅದಕ್ಕೆ ಔಷಧಿ ಹೊಡೆಯಬೇಡಿ. ಅದು ನಮ್ಮ ಕೂಲಿಯಾಳು. ಗಿಡವನ್ನು ಹೂ ಬಿಡುವ ಮುಂಚೆ ಬೇರು ಸಮೇತ ಕೀಳಿ. ಬಿಳಿ ಹೂ ಕಂಡ ಮೇಲೆ ಒಂದು ಗಿಡದಿಂದ ಸಾವಿರಾರು ಬೀಜ.

ಬಿತ್ತಿದ 15ನೇ ದಿನ, ಕೊತ್ತಂಬರಿಗೆ ಎರಡು ಸೀಳೆಲೆ ಬಂದಾಗ ಮೊದಲ ಕಳೆ. ಸಾಲಿನ ನಡುವೆ ಕುರ್ಪಿ, ಸಾಲಿನೊಳಗೆ ಕೈ. ಸಸಿಗೆ ಅಂಟಿಕೊಂಡೇ ಇರುವ ಕಸವನ್ನು ಕೀಳದೆ ಹಳೆ ಕತ್ತರಿಯಿಂದ ನೆಲಮಟ್ಟಕ್ಕೆ ಕತ್ತರಿಸಿ, ಪಕ್ಕದ ಬೇರು ಅಲುಗುವುದಿಲ್ಲ. 25-28ನೇ ದಿನಕ್ಕೆ ಎರಡನೇ ಕಳೆ. ಅಷ್ಟೊತ್ತಿಗೆ ಸೊಪ್ಪು ಹರಡಿ ನೆಲ ಮುಚ್ಚುತ್ತದೆ, 40ನೇ ದಿನದ ಸುಮಾರಿಗೆ ಕೊಯ್ಲು. 15 ದಿನಕ್ಕೊಮ್ಮೆ ಪಾತಿಯ ಮೂರನೇ ಒಂದು ಭಾಗ ಬಿತ್ತುತ್ತ ಹೋದರೆ ಮನೆಗೆ ತಪ್ಪದೆ ಸಿಗುತ್ತದೆ. ಸಬ್ಬಸಿಗೆಗೂ ಇದೇ ಕ್ರಮ, ನೆನೆಸುವುದು ಬೇಡ, ಬೀಜ ಇನ್ನೂ ಮೇಲೆ, ಕಾಲು ಇಂಚು ಸಾಕು. ಮೆಂತೆಗೆ ಕಸದ ಭಯ ಕಡಿಮೆ. ರಾತ್ರಿ ನೆನೆಸಿ ಬಿತ್ತಿದರೆ ಮೂರು-ನಾಲ್ಕು ದಿನಕ್ಕೆ ಹುಟ್ಟಿ ಕಸದ ಜೊತೆಜೊತೆಗೇ ಓಡುತ್ತದೆ, 25-30 ದಿನಕ್ಕೆ ಪಲ್ಯ. ಹೊಸದಾಗಿ ಕೈ ಹಾಕುವವರು ಮೆಂತೆಯಿಂದ ಶುರು ಮಾಡಲಿ.

ಕುರ್ಪಿ ಎಂದಾಗೆಲ್ಲ ಹರಿತ ಅನ್ನುತ್ತಿರುವುದು ಸುಮ್ಮನೆ ಅಲ್ಲ. ಮೊಂಡು ಕುರ್ಪಿ ಕಸವನ್ನು ಕತ್ತರಿಸುವುದಿಲ್ಲ, ಮಣ್ಣಿನ ಜೊತೆ ಎಬ್ಬಿಸಿ ಪಕ್ಕಕ್ಕೆ ನಾಟಿ ಮಾಡುತ್ತದೆ. ಗೋಣಿ ಸೊಪ್ಪಿನ ಮಟ್ಟಿಗೆ ಇದು ಅಕ್ಷರಶಃ ನಿಜ, ಒಂದು ಗೆಣ್ಣಿನ ತುಂಡು ಹಸಿ ಮಣ್ಣಿಗೆ ಬಿದ್ದರೆ ಬೇರು ಬಿಡುತ್ತದೆ. ಕಿತ್ತು ಪಾತಿಯ ಅಂಚಲ್ಲಿ ಎಸೆದ ಗೋಣಿ ಸಾಯುವ ಮುಂಚೆ ಬೀಜ ಬಲಿಸಿಕೊಂಡೇ ಸಾಯುತ್ತದೆ. ಇದನ್ನು ಹೂವಿಗೆ ಮುಂಚೆ ಕಿತ್ತು ಅಡುಗೆಮನೆಗೆ ಒಯ್ಯುವುದೇ ಜಾಣತನ. ಹೆಸರುಬೇಳೆ ಹಾಕಿದ ಗೋಣಿ ಪಲ್ಯಕ್ಕೆ ರೊಟ್ಟಿ ಜೊತೆ ಹೇಳಿಮಾಡಿಸಿದ ಹುಳಿ. ಮೂತ್ರಪಿಂಡದಲ್ಲಿ ಕಲ್ಲು ಇರುವವರು ದೂರ ಇರಲಿ, ಆಕ್ಸಲೇಟ್ ಹೆಚ್ಚು. ಹಕ್ಕರಕಿಯೂ ಹಾಗೆಯೇ, ಹೊಲದಲ್ಲಿ ಕಸ, ತಾಟಿನಲ್ಲಿ ಪಲ್ಯ. ಹಿತ್ತಲಲ್ಲಿ ಹುಟ್ಟಿದ್ದು ತಿನ್ನಿ. ಹತ್ತಿ ಹೊಲ, ಭತ್ತದ ಗದ್ದೆ ಬದುವಿನದು ಬೇಡ, ಅಲ್ಲಿ ಏನು ಸಿಂಪಡಿಸಿರುತ್ತಾರೋ.

ಜೇಕಿನ ಲೆಕ್ಕವೇ ಬೇರೆ. ಮೇಲೆ ಹೇಳಿದ ಹುಟ್ಟಿಸಿ ಹೆರೆಯುವ ಉಪಾಯ ಬೀಜದ ಕಸಕ್ಕೆ, ಜೇಕಿಗಲ್ಲ. ಮೇಲಿನ ಹುಲ್ಲು ಎಳೆದರೆ ಪಟ್ ಅಂತ ಕಿತ್ತು ಬರುತ್ತದೆ, ಗೆದ್ದೆವು ಅನ್ನಿಸುತ್ತದೆ. ಅಗೆದು ನೋಡಿ: ಕಪ್ಪು ತಂತಿಯಂತಹ ಬೇರಿಗೆ ಮಣಿಸರದಂತೆ ಗಡ್ಡೆ ಪೋಣಿಸಿಕೊಂಡಿರುತ್ತವೆ. ಸರ ಇಡಿಯಾಗಿದ್ದಾಗ ತುದಿಯ ಗಡ್ಡೆ ಮಾತ್ರ ಚಿಗುರುತ್ತ ಉಳಿದವನ್ನು ಮಲಗಿಸಿ ಇಟ್ಟಿರುತ್ತದೆ. ಸರ ತುಂಡಾದರೆ ಮಲಗಿದ್ದವೆಲ್ಲ ಏಳುತ್ತವೆ. ಅದಕ್ಕೇ ಅರೆಬರೆ ಕಿತ್ತ ಪಾತಿಯಲ್ಲಿ ಜೇಕು ಮೊದಲಿಗಿಂತ ದಟ್ಟ. ಪ್ಲಾಸ್ಟಿಕ್ ಹಾಳೆ ಹೊದಿಸಿದರೂ ಅದರ ಮೊನೆ ಹಾಳೆಯನ್ನೇ ತೂತು ಮಾಡಿ ಹೊರಗೆ ಬರುತ್ತದೆ.

ಅದಕ್ಕೆ ಎರಡು ಶತ್ರುಗಳು, ನಮ್ಮ ಬೇಸಿಗೆ ಮತ್ತು ನೆರಳು. ಮಾರ್ಚ್‌ನಲ್ಲಿ ಪಾತಿ ಖಾಲಿ ಮಾಡಿ ನೀರು ಪೂರ್ತಿ ನಿಲ್ಲಿಸಿ. ಒಂದಡಿ ಆಳಕ್ಕೆ ಗುದ್ದಲಿಯಲ್ಲಿ ಅಗೆದು ಹೆಂಟೆ ಒಡೆದು ಗಡ್ಡೆ ಮೇಲೆ ಬರುವಂತೆ ಹರಡಿ. ಹೊಲದಲ್ಲಿ ನಟ್ಟು, ಅಂದರೆ ಆಳಕ್ಕಿಳಿದ ಕಸದ ಬೇರು, ಕಡಿಸಿದ ಹಾಗೆ, ಸಣ್ಣ ಪ್ರಮಾಣದಲ್ಲಿ. ಕೈಗೆ ಸಿಕ್ಕ ಗಡ್ಡೆ ಡಬ್ಬಿಗೆ, ಉಳಿದದ್ದು ಬಿಸಿಲಿಗೆ. ನಾಲ್ಕೈದು ದಿನಕ್ಕೊಮ್ಮೆ ಮಣ್ಣು ತಿರುವಿ ಹಾಕುತ್ತಿರಿ. ಏಪ್ರಿಲ್-ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಿಗೆ ನೇರ ಬಿದ್ದ ಗಡ್ಡೆ ಒಳಗಿನ ತೇವ ಕಳೆದುಕೊಂಡು ಸಾಯುತ್ತದೆ, ಮಣ್ಣೊಳಗೆ ಉಳಿದದ್ದು ಸಾಯುವುದಿಲ್ಲ. ಅದಕ್ಕೇ ತಿರುವುವುದು. ರೋಹಿಣಿ ಮಳೆಗೆ ಉಳಿದವು ಚಿಗುರುತ್ತವೆ. ಐದಾರು ಎಲೆ ಆಗುವ ಹೊತ್ತಿಗೆ ಹೊಸ ಗಡ್ಡೆ ಕಟ್ಟಲು ಶುರು, ಆದ್ದರಿಂದ ಮೂರು-ನಾಲ್ಕು ಎಲೆ ಇರುವಾಗಲೇ, ಎರಡು ವಾರಕ್ಕೊಮ್ಮೆ, ಬುಡದ ಗಡ್ಡೆ ಸಮೇತ ಎತ್ತುತ್ತ ಬನ್ನಿ. ಒಂದು ವರ್ಷಕ್ಕೆ ಬಹಳ ಇಳಿಯುತ್ತದೆ, ಎರಡನೇ ವರ್ಷಕ್ಕೆ ಕೈಗೆ ಸಿಗುವಷ್ಟಾಗುತ್ತದೆ. ಮಳೆಗಾಲದಲ್ಲಿ ಆ ಜಾಗಕ್ಕೆ ಪುಂಡಿ ಅಥವಾ ಅಲಸಂದೆ ದಟ್ಟವಾಗಿ ಹಾಕಿದರೆ ನೆರಳಿಗೆ ಜೇಕು ಬಡಕಲಾಗುತ್ತದೆ. ಪುಂಡಿ ಪಲ್ಯ ಲಾಭ. ಆಯ್ದ ಗಡ್ಡೆಯನ್ನು ತಿಪ್ಪೆಗೆ ಹಾಕಬೇಡಿ. ಮಾಳಿಗೆಯ ಕಾದ ಕಾಂಕ್ರೀಟಿನ ಮೇಲೆ ಎರಡು ವಾರ ಒಣಗಿಸಿ ಸುಡಿ. ಆಯುರ್ವೇದದವರು ಮುಸ್ತಾ ಅನ್ನುವುದು ಇದನ್ನೇ. ತಲೆನೋವು ಕೊಡುವ ಗಡ್ಡೆಗೆ ಮದ್ದಿನ ಹೆಸರೂ ಇದೆ ಅನ್ನುವುದಷ್ಟೇ ಸಮಾಧಾನ.

ಕರಿಕಿ, ಅಂದರೆ ಗರಿಕೆ, ಪಾತಿಯೊಳಗೆ ಹುಟ್ಟುವುದಕ್ಕಿಂತ ಹೊರಗಿನಿಂದ ನಡೆದು ಬರುವುದು ಹೆಚ್ಚು. ಪಾತಿಯ ಸುತ್ತ ಮನೆ ಕಟ್ಟಿದಾಗ ಉಳಿದ ಶಾಬಾದಿ ಕಲ್ಲಿನ ತುಂಡುಗಳನ್ನು ನಿಲ್ಲಿಸಿ ಹೂಳಿ: 8-10 ಇಂಚು ಮಣ್ಣೊಳಗೆ, 3 ಇಂಚು ಮೇಲೆ, ಸಂದು ಇಲ್ಲದಂತೆ. ಸಂದಿನಲ್ಲೇ ನುಸುಳುತ್ತದೆ. ಗಣಪನಿಗೆ ಬೇಕೆಂದು ಒಂದು ಮೂಲೆಯಲ್ಲಿ ಬಿಡುವವರು ಅದನ್ನು ಕುಂಡದಲ್ಲಿ ಬಿಡಲಿ.

ಬಳ್ಳಾರಿ ಜಾಲಿ ಬರುವುದು ಗೊಬ್ಬರದ ಮೂಲಕ. ಕುರಿ-ಮೇಕೆ ಅದರ ಸಿಹಿ ಕಾಯಿ ತಿಂದು, ಗಟ್ಟಿ ಬೀಜ ಹಿಕ್ಕೆಯಲ್ಲಿ ಇಡಿಯಾಗಿ ಹೊರಗೆ ಬರುತ್ತದೆ, ಮೊಳೆಯಲು ಇನ್ನೂ ಸಿದ್ಧವಾಗಿ. ಕುರಿ ಗೊಬ್ಬರ ಹಾಕಿದ ಪಾತಿಯಲ್ಲಿ ಹುಣಸೆ ಸಸಿಯಂತಹ ಸಣ್ಣ ಗರಿ ಎಲೆ ಕಂಡರೆ ಅವತ್ತೇ ಕೀಳಿ. ತಿಂಗಳು ಬಿಟ್ಟರೆ ತಾಯಿಬೇರು ಕೈಗೆ ಬಗ್ಗುವುದಿಲ್ಲ, ಮೇಲೆ ಕತ್ತರಿಸಿದರೆ ಬುಡದಿಂದ ನಾಲ್ಕು ಚಿಗುರು, ನಾಲ್ಕಕ್ಕೂ ಮುಳ್ಳು. ಗೊಬ್ಬರವನ್ನೇ ಶುದ್ಧ ಮಾಡಿಕೊಳ್ಳುವುದು ಮೇಲು: ಕನಿಷ್ಠ ಮೂರಡಿ ಉದ್ದ-ಅಗಲ-ಎತ್ತರದ ರಾಶಿ, ಹಿಂಡಿದರೆ ಒಂದೆರಡು ಹನಿ ತೊಟ್ಟಿಕ್ಕುವಷ್ಟು ತೇವ, ವಾರಕ್ಕೊಮ್ಮೆ ಹೊರಗಿನದು ಒಳಗೆ ಬರುವಂತೆ ಮೂರು ಸಲ ತಿರುವು. ನಡುವೆ ಕಬ್ಬಿಣದ ಸರಳು ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆದರೆ ಹಿಡಿಯಲಾಗದಷ್ಟು ಬಿಸಿ ಇರಬೇಕು. 55 ಡಿಗ್ರಿ ಶಾಖದಲ್ಲಿ ಕೆಲವು ದಿನ ಬೆಂದರೆ ಬಹುಪಾಲು ಕಸದ ಬೀಜ ಸಾಯುತ್ತದೆ, ಜಾಲಿಯಂತಹ ಗಟ್ಟಿ ಸಿಪ್ಪೆಯದು ಕೆಲವು ಉಳಿಯುತ್ತವೆ. ಇನ್ನೊಂದು ಕಾರಣಕ್ಕೂ ಹಸಿ ಸಗಣಿ ಬೇಡ: ಕೊತ್ತಂಬರಿ, ಪುದೀನ ನಾವು ಹಸಿಯಾಗಿ ಚಟ್ನಿ ಮಾಡಿ ತಿನ್ನುವ ಸೊಪ್ಪು.

ಇಂಟರ್ನೆಟ್ಟಿನಲ್ಲಿ ಉಪ್ಪು, ವಿನೆಗರ್, ಸೋಪು ಬೆರೆಸಿ ಕಸಕ್ಕೆ ಹೊಡೆಯಿರಿ ಅನ್ನುವ ವಿಡಿಯೋ ಸುತ್ತುತ್ತಿರುತ್ತದೆ. ನಮ್ಮ ಕಡೆ ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಕಾಲುವೆ ನೀರು ಹರಿದ ಮೇಲೆ, ನೀರು ಬಸಿಯದ ಎರೆ ಭೂಮಿ ಎಷ್ಟೋ ಕಡೆ ಸವಳಾಗಿದೆ. ಹೊಲದಿಂದ ಉಪ್ಪು ತೆಗೆಯಲು ರೈತ ಒದ್ದಾಡುತ್ತಿರುವ ಜಿಲ್ಲೆಯಲ್ಲಿ ಹಿತ್ತಲಿಗೆ ದುಡ್ಡು ಕೊಟ್ಟು ಉಪ್ಪು ಹಾಕುವುದೇ? ಸೋಡಿಯಂ ಎರೆಯ ಕಣಗಳನ್ನು ಬಿಡಿಸಿ ಮೇಲೆ ಗಚ್ಚಿನಂತೆ ಕಟ್ಟಿಸುತ್ತದೆ, ನೀರು ಇಳಿಯುವುದಿಲ್ಲ. ವಿನೆಗರ್ ಮೇಲಿನ ಎಲೆ ಸುಡುತ್ತದೆ ಅಷ್ಟೆ, ಜೇಕು ವಾರದೊಳಗೆ ಮತ್ತೆ ಹಾಜರ್.

ಹೊಲದ ಕಳೆನಾಶಕವೂ ಅಡುಗೆ ಸೊಪ್ಪಿನ ಪಾತಿಗೆ ಬೇಡ. ಅದಕ್ಕಿಂತ ಹೆಚ್ಚಾಗಿ ಹೊಲದ ಪಂಪು ತಂದು ಬೇವಿನೆಣ್ಣೆ ಹೊಡೆಯುವಾಗ ಎಚ್ಚರ. ಅದರಲ್ಲಿ ಹಿಂದೆ ಭತ್ತಕ್ಕೋ ಜೋಳಕ್ಕೋ 2,4-ಡಿ ಕಳೆನಾಶಕ ಹೊಡೆದಿದ್ದರೆ ಪೈಪು, ವಾಷರ್‌ನಲ್ಲಿ ಉಳಿದ ಚೂರೇ ಸಾಕು, ಎಲೆ ಮುರುಟಿ ಕಾಂಡ ಸೊಟ್ಟಗಾಗುತ್ತದೆ. ಅಗಲೆಲೆಯ ಗಿಡಗಳಿಗೆ, ಅದರಲ್ಲೂ ಹತ್ತಿ, ಬೆಂಡೆಗೆ, ಅದು ಎಷ್ಟು ವಿಷ ಎಂದು ಇಲ್ಲಿನ ರೈತರಿಗೆ ಗೊತ್ತು. ಹಿತ್ತಲಿಗೆ ಒಂದು ಲೀಟರಿನ ಕೈಪಂಪು ಬೇರೆಯೇ ಇಟ್ಟುಕೊಳ್ಳಿ.

ಹೊದಿಕೆಗೆ ನಮ್ಮಲ್ಲಿ ಬರವಿಲ್ಲ. ಗಂಗಾವತಿ, ಸಿಂಧನೂರು ಕಡೆ ಭತ್ತದ ಹೊಟ್ಟು, ಹುಲ್ಲು, ಉಳಿದೆಡೆ ಶೇಂಗಾ ಸಿಪ್ಪೆ. ಸೊಪ್ಪು 3 ಇಂಚು ಬೆಳೆದ ಮೇಲೆ ಸಾಲಿನ ನಡುವೆ ಒಂದು ಇಂಚು ಹೊಟ್ಟು ಹರಡಿ, ಕೂಡಲೇ ನೀರು ಚಿಮುಕಿಸಿ, ಇಲ್ಲವಾದರೆ ಗಾಳಿಗೆ ಪಕ್ಕದ ಮನೆ ಸೇರುತ್ತದೆ. ಆಷಾಢದ ಗಾಳಿಗೆ ಹೊಟ್ಟು ನಿಲ್ಲುವುದೇ ಇಲ್ಲ, ಆಗ ಹುಲ್ಲು ಹೊದಿಸಿ. ಹುಲ್ಲಿನ ತೆನೆಯಲ್ಲಿ ಕಾಳು ಉಳಿದಿದ್ದರೆ ಕೊಡವಿ. ಶೇಂಗಾ ಸಿಪ್ಪೆಗೆ ಗೆದ್ದಲು ಬರುತ್ತದೆ, ಕರಿಬೇವಿನ ಕಾಂಡದಿಂದ ಒಂದು ಗೇಣು ದೂರ ಇಡಿ. ಹಸಿ ಹೊಟ್ಟನ್ನು ಮಣ್ಣಿನೊಳಗೆ ಬೆರೆಸಬೇಡಿ, ಕೊಳೆಯುವಾಗ ಸಾರಜನಕ ಹಿಡಿದಿಟ್ಟುಕೊಂಡು ಸೊಪ್ಪು ಹಳದಿಯಾಗುತ್ತದೆ. ನೀರು ಪಾತಿ ತುಂಬ ಕಟ್ಟುವ ಬದಲು ಸಾಲಿನ ಬುಡಕ್ಕಷ್ಟೇ ಸಣ್ಣ ಡ್ರಿಪ್ ಪೈಪಿನಲ್ಲಿ ಕೊಟ್ಟರೆ ಒಣಗಿದ ನಡುಜಾಗದಲ್ಲಿ ಕಸ ಹುಟ್ಟುವುದೇ ಇಲ್ಲ. ನಮ್ಮ ಒಣ ಹವೆಯಿಂದ ಆಗುವ ಒಂದೇ ಉಪಕಾರ ಇದು, ಬಳಸಿಕೊಳ್ಳಿ.

ಪುದೀನವನ್ನು ಯಾವ ಪಟ್ಟಿಗೆ ಸೇರಿಸಬೇಕು ಅನ್ನುವುದೇ ಪ್ರಶ್ನೆ, ನೆರಳು-ನೀರು ಸಿಕ್ಕರೆ ಅದೇ ಕಸ. ತಳ ಕತ್ತರಿಸಿದ ಹಳೆ ಬಕೆಟ್ಟನ್ನು ಅಂಚು ಒಂದಿಂಚು ಮೇಲಿರುವಂತೆ ಹೂಳಿ ಅದರೊಳಗೆ ನೆಡಿ. ಸಂತೆಯಿಂದ ತಂದ ಕಟ್ಟಿನಲ್ಲಿ ದಪ್ಪ ಕಡ್ಡಿ ಆರಿಸಿ, 4-5 ಇಂಚು ಕತ್ತರಿಸಿ, ಕೆಳಗಿನ ಎಲೆ ತೆಗೆದು ನೀರಲ್ಲಿಟ್ಟರೆ ಏಳರಿಂದ ಹತ್ತು ದಿನಕ್ಕೆ ಬೇರು. ಬೆಳಗಿನ ಬಿಸಿಲು ಮೂರು-ನಾಲ್ಕು ತಾಸು ಸಾಕು, ಮಧ್ಯಾಹ್ನದ್ದು ಸುಡುತ್ತದೆ. ಎಲೆ ಹಿಂದೆ ಇಟ್ಟಿಗೆ ಬಣ್ಣದ ಪುಡಿ ಕಂಡರೆ ತುಕ್ಕು ರೋಗ: ನೆಲಮಟ್ಟಕ್ಕೆ ಕತ್ತರಿಸಿ ಸುಟ್ಟು, ಹೊಸ ಚಿಗುರು ಬರಲು ಬಿಡಿ, ನೀರನ್ನು ಎಲೆ ಮೇಲೆ ಹಾಕುವುದು ನಿಲ್ಲಿಸಿ. ವರ್ಷಕ್ಕೊಮ್ಮೆ ಕಿತ್ತು ಹೊಸ ತುಂಡು ನೆಡದಿದ್ದರೆ ನಡುವೆ ಬೋಳಾಗುತ್ತದೆ. ದೊಡ್ಡಪತ್ರೆಗೆ ಇದರ ತದ್ವಿರುದ್ಧ, ನೀರು ಹೆಚ್ಚಾದರೆ ಕೊಳೆಯುತ್ತದೆ, ಮರೆತರೆ ಬದುಕುತ್ತದೆ.

ಕರಿಬೇವು ನಮ್ಮ ಬಿಸಿಲಿಗೆ ಹೆದರುವುದಿಲ್ಲ, ನಮ್ಮ ಸುಣ್ಣಕ್ಕೆ ಹೆದರುತ್ತದೆ. ಎರೆ ಮಣ್ಣಿನಲ್ಲಿ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಕಬ್ಬಿಣದ ಕೊರತೆ. ಹಳೆ ಎಲೆ ಮೊದಲು ಹಳದಿಯಾದರೆ ಸಾರಜನಕದ್ದು, ಗೊಬ್ಬರ ಕೊಟ್ಟರೆ ಸಾಕು. ಕಬ್ಬಿಣ ಮಣ್ಣಲ್ಲಿ ಇಲ್ಲವೆಂದಲ್ಲ, ಸುಣ್ಣ ಅದನ್ನು ಬೇರಿಗೆ ಸಿಗದಂತೆ ಕಟ್ಟಿಹಾಕಿರುತ್ತದೆ. ಅನ್ನಭೇದಿಯನ್ನು (ಫೆರಸ್ ಸಲ್ಫೇಟ್) ಬುಡಕ್ಕೆ ಹಾಕಿದರೂ ಅದೇ ಗತಿ. ಎಲೆಗೆ ಕೊಡಬೇಕು: ಒಂದು ಲೀಟರ್ ನೀರಿಗೆ ಮೊದಲು 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಆಮೇಲೆ 5 ಗ್ರಾಂ ಅನ್ನಭೇದಿ ಕರಗಿಸಿ ಸಂಜೆ ಸಿಂಪಡಿಸಿ. ದ್ರಾವಣ ತಿಳಿ ಹಸಿರಾಗಿರಬೇಕು, ಕಂದು ತಿರುಗಿದ್ದು ಚೆಲ್ಲಿ. 10-12 ದಿನಕ್ಕೊಮ್ಮೆ ಮೂರು ಸಲ. ಆಮೇಲೆ ಎರಡು ವಾರ ಎಲೆ ಕೀಳಬೇಡಿ, ಕಿತ್ತಾಗ ತೊಳೆಯಿರಿ.

ಕರಿಬೇವಿನ ಬುಡದ ಸುತ್ತ ಒಂದೂವರೆ ಅಡಿಯೊಳಗೆ ಕುರ್ಪಿ ಆಳಕ್ಕೆ ಹಾಕಬೇಡಿ, ಕೈಯಲ್ಲೇ ಕಸ ತೆಗೆಯಿರಿ. ಬೇರಿಗೆ ಗಾಯವಾದಲ್ಲೆಲ್ಲ ಮರಿ ಏಳುತ್ತದೆ. ಮರಿ ಬೇಕಾದವರು ಮಳೆಗಾಲದಲ್ಲಿ ಒಂದು ಗೇಣು ಬೆಳೆದದ್ದನ್ನು ಬೇರಿನ ತುಂಡಿನ ಸಮೇತ ಬೇರ್ಪಡಿಸಿ ನೆಡಬಹುದು. ಬೀಜದಿಂದ ಮಾಡುವುದಾದರೆ ಕಪ್ಪಗಾದ ಹಣ್ಣಿನ ತಿರುಳು ತೊಳೆದು ಆ ವಾರವೇ ಬಿತ್ತಿ, ಒಣಗಿಸಿಟ್ಟ ಬೀಜ ಹುಟ್ಟುವುದಿಲ್ಲ. ಚಿಗುರೆಲೆ ಮೇಲೆ ಹಕ್ಕಿ ಹಿಕ್ಕೆಯಂತೆ ಕಂದು-ಬಿಳಿ ಕೂತಿದ್ದರೆ ಮುಟ್ಟಿ ನೋಡಿ, ಅಲುಗಿದರೆ ಅದು ಚಿಟ್ಟೆಯ ಹುಳ, ಎರಡು ದಿನದಲ್ಲಿ ಟೊಂಗೆ ಬೋಳು ಮಾಡುತ್ತದೆ. ಗಿಡ 3 ಅಡಿ ಆದಾಗ ತುದಿ ಚಿವುಟಿ, ಫೆಬ್ರವರಿ ಕೊನೆಗೆ ಸವರಿ.

ಮಾರ್ಚ್ ಬಂದ ಮೇಲೆ ಕೊತ್ತಂಬರಿ ಹೂವಿಗೆ ಅವಸರ ಮಾಡುತ್ತದೆ, ನೀರು ಹೆಚ್ಚು ಕೊಟ್ಟರೂ ನಿಲ್ಲುವುದಿಲ್ಲ. ಶೇಕಡಾ 50ರ ನೆರಳು ಪರದೆ ಕಟ್ಟಿ, 25ನೇ ದಿನಕ್ಕೇ ಬೇರು ಸಮೇತ ಕಿತ್ತು ಬಳಸುವುದಾದರೆ ಬೇಸಿಗೆಯಲ್ಲೂ ಒಂದೆರಡು ಕಟ್ಟು ಸಿಗುತ್ತದೆ. ಬೋರ್‌ವೆಲ್ ನೀರು ಹಾಕುವ ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿ ಎಲೆ ತುದಿ ಸುಟ್ಟರೆ ಉಪ್ಪು ಕೂಡಿದೆ ಎಂದರ್ಥ. ತಿಂಗಳಿಗೊಮ್ಮೆ ಕುಂಡದ ಎರಡರಷ್ಟು ನಲ್ಲಿ ನೀರು ಅಥವಾ ಮಳೆ ನೀರು ಹಾಯಿಸಿ ತಳದಿಂದ ಹರಿದು ಹೋಗಲು ಬಿಡಿ.

ಫೆಬ್ರವರಿಯ ಕೊನೆಯ ಸಾಲಿನಲ್ಲಿ ಎಂಟು-ಹತ್ತು ಗಿಡ ಕೀಳದೆ ಬಿಡಿ, ಎಲ್ಲಕ್ಕಿಂತ ತಡವಾಗಿ ಹೂ ಬಿಟ್ಟವನ್ನೇ ಆರಿಸಿ. ಬಿಳಿ ಹೂವಿಗೆ ಜೇನ್ನೊಣ ಮುತ್ತುತ್ತದೆ. ಕಾಯಿ ಹಸಿರಿನಿಂದ ಕಂದಿಗೆ ತಿರುಗಿದಾಗ ಬೆಳಗಿನ ತಂಪಿನಲ್ಲಿ ಗೊಂಚಲು ಕತ್ತರಿಸಿ, ಬಿಸಿಲೇರಿದ ಮೇಲೆ ಮುಟ್ಟಿದರೆ ಉದುರುತ್ತವೆ. ಕಾಗದದ ಚೀಲದಲ್ಲಿ ತಲೆಕೆಳಗಾಗಿ ನೆರಳಲ್ಲಿ ಹತ್ತು ದಿನ ತೂಗುಹಾಕಿ, ಉಜ್ಜಿ, ಕೇರಿ, ಒಣ ಬೇವಿನೆಲೆ ಜೊತೆ ಡಬ್ಬಿಗೆ ತುಂಬಿ. ಡಬ್ಬಿ ಮೇಲೆ ತಿಂಗಳು ಬರೆದಿಡಿ. ಹಸ್ತಿ ಮಳೆ ಬಂದಾಗ ಪಾತಿಯಲ್ಲಿ ಉದುರಿದ್ದ ಒಂದಷ್ಟು ಕಾಳು ತಾವಾಗಿಯೇ ಹುಟ್ಟಿರುತ್ತವೆ, ಸಾಲು ತಪ್ಪಿ, ಬೇಕಾದಲ್ಲೆಲ್ಲ. ಅವನ್ನು ಕುರ್ಪಿಯಲ್ಲಿ ಹೆರೆಯುವ ಮುಂಚೆ ಕೈಯಲ್ಲಿ ಕಿತ್ತು ಸಾರಿಗೆ ಹಾಕಿ.